ಲಕ್ವ ಹೊಡೆದವರಿಗೆ ಕನ್ನಡದಲ್ಲೇ ಮಾತು ಕಲಿಸಿ

ಮಾನ್ಯರೇ,

ಲಕ್ವ ಹೊಡೆದು ಮಾತು ಕಳೆದುಕೊಂಡ ಮುಂಬೈ ಕನ್ನಡಿಗರಿಗೆ ಮಾತಿನ ತರಬೇತಿ ಅವರ ಭಾಷೆಯಲ್ಲೇ ಸಿಗಬೇಕು. ನಮ್ಮ ತಂದೆ ನಲವತ್ತು ವರ್ಷ ಫೋರ್ಟ್‌ನ ಕ್ಯಾಂಟೀನಿನಲ್ಲಿ ಹಿಂದಿ, ಮರಾಠಿಯಲ್ಲೇ ವ್ಯವಹರಿಸಿದವರು. ಆದರೂ ಥೆರಪಿಸ್ಟ್ ಚಿತ್ರ ತೋರಿಸಿ 'ಗಿಲಾಸ್' ಎನ್ನಿ ಎಂದರೆ ಸುಮ್ನೆ ಕಿಟಕಿ ಕಡೆ ನೋಡುತ್ತಿದ್ದರು. ಮೂರು ವಾರದ ನಂತರ ಅಮ್ಮ ಸ್ಟೀಲ್ ಲೋಟ ಕೈಗಿಟ್ಟಾಗ 'ನೀರು' ಎಂದರು. ಅಮ್ಮ ಅಡುಗೆಮನೆಗೆ ಹೋಗಿ ಅತ್ತರು.

ಇನ್ನೊಂದು ಮಾತು. ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ತಕ್ಷಣ 108ಕ್ಕೆ ಕರೆ ಮಾಡಬೇಕು. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ನಮ್ಮಲ್ಲಿ 'ಬಿಸಿಲಿಗೆ ಹೀಗಾಗಿರಬೇಕು, ಸ್ವಲ್ಪ ಮಲಗಲಿ' ಎನ್ನುವವರೇ ಜಾಸ್ತಿ. ನಾವೂ ಹಾಗೇ ಮಾಡಿದೆವು.

ಮಾಟುಂಗದ ಮೈಸೂರು ಅಸೋಸಿಯೇಷನ್‌ನಂಥ ಕನ್ನಡ ಸಂಸ್ಥೆಗಳಿಗೆ ಸಭಾಂಗಣವಿದೆ, ಜನರಿದ್ದಾರೆ. ಸನ್ಮಾನಗಳ ನಡುವೆ ತಿಂಗಳಿಗೊಂದು ಭಾನುವಾರ ರೋಗಿಗಳ ಮನೆಯವರನ್ನು ಸೇರಿಸಬಹುದಲ್ವಾ? ಬಿಪಿ, ಶುಗರ್ ತಪಾಸಣೆಯೂ ಅಲ್ಲೇ ಆಗಲಿ. ಕನ್ನಡ, ತುಳು ಪದಗಳಿರುವ ಚಿತ್ರದ ಕಾರ್ಡುಗಳನ್ನು ಮಾತಿನ ತಜ್ಞರ ಸಲಹೆ ಪಡೆದು ಮಾಡಿಸಿ ಹಂಚಲಿ. ಮೊದಲ ಕಾರ್ಡಿನಲ್ಲಿ ಸ್ಟೀಲ್ ಲೋಟವಿರಲಿ.

– ಒಬ್ಬ ಓದುಗ, ಡೊಂಬಿವಲಿ