ಹತ್ತಿರದ ಓದಿಗೂ ಕಣ್ಣಿನ ತಪಾಸಣೆ ನಡೆಯಲಿ

ಮಾನ್ಯರೇ,

ಶಾಲಾ ತಪಾಸಣೆಯಲ್ಲಿ ಸಾಮಾನ್ಯವಾಗಿ 6 ಮೀಟರ್ ದೂರದ ಫಲಕದ ಅಕ್ಷರಗಳನ್ನು ಓದಿಸಿ, ದೃಷ್ಟಿ 6/6, ಅಂದರೆ ಸಾಮಾನ್ಯ ಮಟ್ಟದಲ್ಲಿ ಇದ್ದರೆ ಮಗುವನ್ನು ಕಳುಹಿಸಿಬಿಡುತ್ತಾರೆ. ಆದರೆ ಪುಸ್ತಕ ಹಿಡಿದಾಗ ಎರಡೂ ಕಣ್ಣುಗಳು ಒಟ್ಟಾಗಿ ಒಳಮುಖವಾಗಿ ತಿರುಗಿ ಒಂದೇ ಅಕ್ಷರದ ಮೇಲೆ ನೆಲೆಸಬೇಕು. ಈ ಸಾಮರ್ಥ್ಯ ಕಡಿಮೆಯಿರುವ ಮಗು ಸಾಲು ತಪ್ಪಿಸುತ್ತದೆ, ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಓದುತ್ತದೆ, ಸ್ವಲ್ಪ ಹೊತ್ತಿಗೇ ತಲೆನೋವು ಎನ್ನುತ್ತದೆ. ತೋಟ ಕಾರ್ಮಿಕರ ಲೈನ್‌ಮನೆಗಳಿಂದ ಬರುವ ಇಂತಹ ಮಕ್ಕಳಿಗೆ ಸೋಮಾರಿಗಳೆಂಬ ಹಣೆಪಟ್ಟಿ ಅಂಟುವುದನ್ನು ಕಂಡು ಶಿಕ್ಷಕಿಯಾದ ನನಗೆ ಸಂಕಟವಾಗುತ್ತದೆ.

ಅಮೆರಿಕದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಜ್ಞರ ಬಳಿ 12 ವಾರ ದೃಷ್ಟಿ ಚಿಕಿತ್ಸೆ (ಕಣ್ಣುಗಳನ್ನು ಒಟ್ಟಾಗಿ ಹೊಂದಿಸುವ ವ್ಯಾಯಾಮ) ಪಡೆದು ಮನೆಯಲ್ಲೂ ಅಭ್ಯಾಸ ಮಾಡಿದ ಮಕ್ಕಳ ಪೈಕಿ ಸುಮಾರು ಶೇ 73ರಷ್ಟು ಮಂದಿಯಲ್ಲಿ ಈ ತೊಂದರೆ ಗುಣವಾಯಿತು ಅಥವಾ ತಗ್ಗಿತು. ಹಾಗೆಂದು ಈ ಚಿಕಿತ್ಸೆ ಡಿಸ್ಲೆಕ್ಸಿಯಾಕ್ಕೆ, ಅಂದರೆ ಓದು–ಬರಹದ ಕಲಿಕಾ ತೊಂದರೆಗೆ, ಮದ್ದಲ್ಲ. ಓದಿನ ಗ್ರಹಿಕೆ ಇದರಿಂದಲೇ ಹೆಚ್ಚುತ್ತದೆ ಎಂಬುದೂ 2019ರ ಅಧ್ಯಯನದಲ್ಲಿ ಸಾಬೀತಾಗಲಿಲ್ಲ. ಅಂತಹ ಭರವಸೆ ಕೊಟ್ಟು ಹಣ ಕೇಳುವವರ ಬಗ್ಗೆ ಪೋಷಕರು ಎಚ್ಚರದಿಂದಿರಬೇಕು.

ಪೆನ್ನಿನ ತುದಿಯನ್ನು ಮೂಗಿನತ್ತ ನಿಧಾನವಾಗಿ ತಂದು, ಅದು ಎಲ್ಲಿ ಎರಡಾಗಿ ಕಾಣುತ್ತದೆಂದು ಕೇಳುವ ಪ್ರಾಥಮಿಕ ಪರೀಕ್ಷೆಯನ್ನಾದರೂ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಕೊಡಗಿನ ಎಲ್ಲ ಶಾಲೆಗಳಲ್ಲಿ ನಡೆಸಲಿ. ತೊಂದರೆ ಕಂಡ ಮಕ್ಕಳು ಮೈಸೂರಿಗೆ ಅಲೆಯದಂತೆ ಮಡಿಕೇರಿಯಲ್ಲೇ ಉಚಿತ ಚಿಕಿತ್ಸೆ ಸಿಗುವ ವ್ಯವಸ್ಥೆಯನ್ನು ಜಿಲ್ಲಾಡಳಿತ ಮಾಡಲಿ.

– ಶಾಲಾ ಶಿಕ್ಷಕಿ, ಸೋಮವಾರಪೇಟೆ