ಟೆಸ್ಟ್ ಡ್ರೈವ್ ಅಂದರೆ ಎರಡು ಕಿಲೋಮೀಟರಾ?

ಮಾನ್ಯ ಸಂಪಾದಕರೇ,

ಎರಡು ಬಾಗಿಲಿನ ಹೈಬ್ರಿಡ್ ಕಾರು ನನ್ನ ಹಳೇ ಆಸೆ. 2010ರಲ್ಲಿ ಹೋಂಡಾ ಸಿಆರ್-ಝಡ್ ಬಂದಾಗ ಅದರ ಚಿತ್ರವನ್ನು ಕತ್ತರಿಸಿ ಇಟ್ಟುಕೊಂಡಿದ್ದೆ. 1.5 ಲೀಟರ್ ಪೆಟ್ರೋಲ್ ಎಂಜಿನ್, ಜೊತೆಗೊಂದು ವಿದ್ಯುತ್ ಮೋಟಾರ್, ಕೈಯಲ್ಲಿ ಹಾಕುವ ಆರು ಗೇರ್! ಅದು ನಮ್ಮ ದೇಶದಲ್ಲಿ ಮಾರಾಟಕ್ಕೆ ಬರಲೇ ಇಲ್ಲ.

ಹೋದ ಶನಿವಾರ ಜಯನಗರದ ಒಂದು ಶೋರೂಂನಲ್ಲಿ ಬೇರೊಂದು ಹೈಬ್ರಿಡ್ ಓಡಿಸಿದೆ. ಹೊರಟಾಗ ಸದ್ದೇ ಇಲ್ಲ, ಬರೀ ಮೋಟಾರ್. ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಎದ್ದಿತು. ಬ್ರೇಕ್ ಹಾಕಿದಾಗ ಬ್ಯಾಟರಿಗೆ ಚಾರ್ಜ್ ಹೋಗುವುದು ಪರದೆಯಲ್ಲಿ ಕಾಣುತ್ತಿತ್ತು. ನಿಜವಾಗಿ ಖುಷಿಯಾಯಿತು.

ಆದರೆ ಸೌತ್ ಎಂಡ್ ಸರ್ಕಲ್ ಸುತ್ತಿ ವಾಪಸ್ ಬಂದದ್ದಷ್ಟೇ. ಸುಮ್ನೆ ಎರಡು ಕಿಲೋಮೀಟರ್. ಟ್ರಾಫಿಕ್ ಜಾಮ್‌ಗೆ ಹೆಸರಾದ ಸಿಲ್ಕ್ ಬೋರ್ಡ್ ಕಡೆ ಹೋಗೋಣ ಎಂದೆ, ಪಕ್ಕದಲ್ಲಿದ್ದ ಹುಡುಗ ಒಪ್ಪಲಿಲ್ಲ. ರೂಟ್ ಇಷ್ಟೇ ಸಾರ್ ಎಂದ. ಅವನ ತಪ್ಪಿಲ್ಲ, ಅದು ಶೋರೂಂ ನಿಯಮ.

ಹೈಬ್ರಿಡ್‌ನ ಗುಣ ಗೊತ್ತಾಗುವುದೇ ನಿಂತು ನಿಂತು ಸಾಗುವ ಟ್ರಾಫಿಕ್‌ನಲ್ಲಿ, ಅಲ್ವಾ? ಅಲ್ಲಿ ಎಂಜಿನ್ ಎಷ್ಟು ಹೊತ್ತು ಆಫ್ ಆಗಿರುತ್ತದೆ, ಫ್ಲೈಓವರ್ ಏರುವಾಗ ಎಷ್ಟು ಕೂಗುತ್ತದೆ, ಹಿಂದಿನ ಸೀಟಿನಲ್ಲಿ ನನ್ನ ಹೆಂಡತಿಯ ಮೊಣಕಾಲಿಗೆ ಜಾಗ ಸಾಲುತ್ತದಾ, ಇದೆಲ್ಲ ನೋಡಬೇಡವೇ? ವರ್ಷಗಟ್ಟಲೆ ಕೂಡಿಟ್ಟ ಹಣ ಇದು. ಒಂದು ಗಂಟೆಯಾದರೂ, ಸಂಜೆ ಆಫೀಸ್ ಬಿಡುವ ಹೊತ್ತಿನಲ್ಲಿ ಓಡಿಸಲು ಬಿಡಿ ಎಂದು ನಗರದ ಎಲ್ಲ ಕಾರು ಮಾರಾಟಗಾರರನ್ನು ಕೇಳಿಕೊಳ್ಳುತ್ತೇನೆ.

— ಓದುಗ, ಬಸವನಗುಡಿ, ಬೆಂಗಳೂರು