ಪಾಯದ ಮಣ್ಣನ್ನು ಕೊಟ್ಟುಬಿಡಬೇಡ

ಚಿತ್ರದುರ್ಗ

ಮಗಳೇ,

ಹೊಳಲ್ಕೆರೆ ಸೈಟಿನಲ್ಲಿ ಪಾಯ ತೋಡಿಸುತ್ತಿದ್ದೀರಿ ಅಂತ ನಿಮ್ಮಪ್ಪ ಹೇಳಿದ. ಬಹಳ ಖುಷಿಯಾಯಿತು. ಆದರೆ ತೆಗೆದ ಮಣ್ಣನ್ನು ಟ್ರ್ಯಾಕ್ಟರಿನವರಿಗೆ ಸುಮ್ನೆ ಕೊಡುತ್ತಿದ್ದೀರಂತೆ. ಕೊಡಬೇಡ. ನಿನ್ನ ಗೋಡೆ ಅದರಲ್ಲೇ ಇದೆ.

ಮೇಲಿನ ಬೇರು, ಕಸದ ಮಣ್ಣು ಬಿಟ್ಟು ಕೆಳಗಿನ ಕೆಮ್ಮಣ್ಣನ್ನು ಜರಡಿ ಹಿಡಿಸು. ನೂರು ಕೆಜಿಗೆ ಏಳೆಂಟು ಕೆಜಿ ಸಿಮೆಂಟು ಕಲಸಿ, ಕೈಯಿಂದ ಒತ್ತುವ ಯಂತ್ರದಲ್ಲಿ ಅಚ್ಚು ಹಾಕಿದರೆ ಬ್ಲಾಕ್ ಆಯಿತು. ಸುಡುವ ಕೆಲಸವಿಲ್ಲ, ಸೌದೆ ಬೇಕಿಲ್ಲ. ಇದು ನನ್ನ ಸ್ವಂತ ಯೋಚನೆಯಲ್ಲ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಹಳ್ಳಿಗಳಿಗೆ ಒದಗುವ ತಂತ್ರಜ್ಞಾನಕ್ಕಾಗಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮತ್ತು ಜೊತೆಯವರು ವರ್ಷಗಟ್ಟಲೆ ಈ ಕೆಲಸ ಮಾಡಿದ್ದಾರೆ. ಪಾಯದ ಮಣ್ಣು, ಸಂಪಿನ ಮಣ್ಣು ಸಾಲದಿದ್ದರೆ ಹತ್ತಿರದಿಂದಲೇ ತರಿಸು.

ಮೊದಲು ಮಣ್ಣು ನೋಡು. ಗಾಜಿನ ಬಾಟಲಿಗೆ ಅರ್ಧ ಮಣ್ಣು, ಉಳಿದದ್ದು ನೀರು, ಒಂದು ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ರಾತ್ರಿಯಿಡೀ ಬಿಡು. ತಳದಲ್ಲಿ ಕೂತ ಮರಳು ಮೂರರಲ್ಲಿ ಎರಡು ಪಾಲಾದರೂ ಇರಬೇಕು. ಜೇಡಿ ಜಾಸ್ತಿಯಿದ್ದರೆ ಮರಳು ಬೆರೆಸಬೇಕು. ದಾವಣಗೆರೆ ಕಡೆಯ ಎರೆಮಣ್ಣಿನ ಸೈಟಾಗಿದ್ದರೆ ನಾನು ಈ ಕಾಗದವನ್ನೇ ಬರೆಯುತ್ತಿರಲಿಲ್ಲ. ಅದು ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ.

ಇನ್ನೊಂದು ಮಾತು, ಇದನ್ನು ಮರೆಯಬೇಡ. ಬ್ಲಾಕುಗಳಿಗೆ 21 ದಿನ ತೇವ ಇರಲೇಬೇಕು. ನಾನು ಕೊಟ್ಟಿಗೆ ಕಟ್ಟಿಸುವಾಗ ಮೇಸ್ತ್ರಿ ಅವಸರ ಮಾಡಿದ, ನಾನೂ ಒಪ್ಪಿಕೊಂಡು ಎಂಟನೇ ದಿನಕ್ಕೇ ಗೋಡೆ ಏರಿಸಿಬಿಟ್ಟೆ. ಮುಂಗಾರಿಗೆ ಮೂಲೆಗಳೆಲ್ಲ ಉದುರಿದವು. ಅದನ್ನು ಕಿತ್ತು ಮತ್ತೆ ಕಟ್ಟಿಸಿದ ಖರ್ಚು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ ನೀರಿಗೆ ಕಷ್ಟ, ಗೊತ್ತಲ್ಲ. ಗೋಣಿಚೀಲ ಹೊದಿಸಿ ದಿನಕ್ಕೆರಡು ಸಲ ಚಿಮುಕಿಸಿದರೂ ಸಾಕು.

ಬ್ಲಾಕ್ ಅಚ್ಚುಕಟ್ಟಾಗಿ ಬಂದರೆ ಗಾರೆ, ಬಣ್ಣದ ಖರ್ಚು ಪೂರ್ತಿ ಉಳಿಯುತ್ತದೆ. ಮಳೆ ಹೊಡೆಯುವ ಕಡೆ ಸೂರು ಮಾತ್ರ ಚಾಚಿಸು. ತಾರಸಿಗೆ ಹಳೆಯ ಮಂಗಳೂರು ಹೆಂಚು ಸಿಕ್ಕರೆ ಕಂಬಿಗಳ ನಡುವೆ ಇಟ್ಟು ಮೇಲೆ ಕಾಂಕ್ರೀಟು ಹಾಕಿಸಬಹುದು. ಸ್ಲ್ಯಾಬಿನ ಕೆಳಭಾಗದ ಕಾಂಕ್ರೀಟಿಗೆ ಕೆಲಸ ಕಡಿಮೆ, ಆ ಜಾಗವನ್ನು ಹೆಂಚು ತುಂಬುತ್ತದೆ. ಕೇರಳದಲ್ಲಿ ಕಡಿಮೆ ಖರ್ಚಿನ ಮನೆಗಳನ್ನು ಕಟ್ಟಿಸಿದ ವಾಸ್ತುಶಿಲ್ಪಿ ಲಾರಿ ಬೇಕರ್ ಇಂಥವನ್ನು ಎಷ್ಟೋ ಮಾಡಿ ತೋರಿಸಿದರು. ಆದರೆ ಕಂಬಿಯ ಲೆಕ್ಕ ಇಂಜಿನಿಯರ್ ಹಾಕಲಿ, ಮೇಸ್ತ್ರಿ ಅಂದಾಜು ಬೇಡ.

ಮಣ್ಣಿನ ಮನೆ ಅಂತ ಯಾರಾದರೂ ಮೂಗು ಮುರಿದರೆ ಬೇಜಾರಾಗಬೇಡ. ನಿನ್ನ ಅಜ್ಜಿಯ ಮಣ್ಣಿನ ಮಾಳಿಗೆ ಮನೆಯಲ್ಲಿ ಏಪ್ರಿಲ್ ಮಧ್ಯಾಹ್ನ ನೀನು ಎಷ್ಟು ತಣ್ಣಗೆ ಮಲಗುತ್ತಿದ್ದೆ, ನೆನಪಿದೆ ಅಲ್ವಾ? ಸಾಲ ಕಡಿಮೆಯಾದಷ್ಟೂ ನಿನಗೆ ನೆಮ್ಮದಿ. ನನಗೆ ಬೇಕಾದದ್ದೂ ಅದೇ.

ಬಾಟಲಿಯ ಫೋಟೋ ತೆಗೆದು ಕಳಿಸು. ಭಾನುವಾರ ನಾನೇ ಬಂದು ಮಣ್ಣು ನೋಡುತ್ತೇನೆ. ಅಲ್ಲಿಯವರೆಗೆ ಟ್ರ್ಯಾಕ್ಟರಿನವರಿಗೆ ಬೇಡ ಅಂತ ಹೇಳಿಬಿಡು.

ಇಂತಿ,
ನಿನ್ನ ದೊಡ್ಡಪ್ಪ